ನೆಂಟರಿಗೆ ಮಾತ್ರ ಉರಿದ ಒಲೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಜನ ನನಗೆ ಇಟ್ಟಿದ್ದ ಹೆಸರು ‘ಸಗಣಿ ಆಫೀಸರು’. ಎದುರಿಗೆ ‘ಬನ್ನಿ ಸಾರ್, ಕೂತ್ಕೊಳ್ಳಿ ಸಾರ್’ ಅನ್ನೋರು. ನನ್ನ ಸೈಕಲ್ಲು ತಿರುವು ದಾಟಿದ್ದೇ ತಡ, ‘ಸಗಣಿ ಹೋಯ್ತು ಕಣ್ಲಾ’ ಅಂತ ನಗೋರು. ನನಗೇನು ಕಿವಿ ಇರಲಿಲ್ಲವೇ? ಸಿಟ್ಟು ಬರ್ತಿತ್ತು. ನನ್ನ ಸಿಟ್ಟಿಗೆ ಮೂರು ಭಾಷೆ. ಸಣ್ಣ ಸಿಟ್ಟಿಗೆ ತಮಿಳು, ಅದು ಆಫೀಸಿನಲ್ಲಿ ಕಲಿತದ್ದು. ಸ್ವಲ್ಪ ಏರಿದರೆ ತೆಲುಗು, ಪಕ್ಕದ ಬೀದಿಯವರ ದಯೆ. ತಡೆಯೋಕೇ ಆಗದಿದ್ದರೆ ಕನ್ನಡ, ಅದು ನನ್ನ ಅಕ್ಕ ಕಲಿಸಿದ್ದು. ಆದರೂ ಆ ಅಡ್ಡಹೆಸರಿನ ಬಗ್ಗೆ ಒಳಗೊಳಗೇ ನನಗೆ ಜಂಬ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೀನಿ.

ನಾನು ಹುಟ್ಟಿದ್ದು ಹೊಸೂರು ಕಡೆ, ತಮಿಳು ರಾಜ್ಯಕ್ಕೆ ಸೇರಿದ ಉದ್ದನಪಲ್ಲಿ ಪಕ್ಕದ ಒಂದು ಹಳ್ಳಿಯಲ್ಲಿ. ಓದಿದ್ದು ತಮಿಳು ಇಸ್ಕೂಲು. ಎಪ್ಪತ್ತರ ದಶಕದಲ್ಲಿ ಪಂಚಾಯ್ತಿ ಯೂನಿಯನ್ ಆಫೀಸಿನಲ್ಲಿ ಗ್ರಾಮಸೇವಕನ ಕೆಲಸ ಸಿಕ್ಕಿತು. ಬಿತ್ತನೆ ಬೀಜ, ಗೊಬ್ಬರ, ಕೋಳಿ ಕಾಯಿಲೆ ಅಂತ ಒಂದಷ್ಟು ವರ್ಷ ಅಲೆದೆ. ಆಮೇಲೆ ಸರ್ಕಾರಕ್ಕೆ ಗೋಬರ್ ಗ್ಯಾಸಿನ ಹುಚ್ಚು ಹತ್ತಿತು. ಕಾಡು ಖಾಲಿಯಾಗ್ತಿದೆ, ಸೀಮೆಎಣ್ಣೆಗೆ ಕ್ಯೂ ನಿಂತು ಸಾಯ್ತಿದ್ದೀರಿ, ಕೊಟ್ಟಿಗೇಲಿ ಸಗಣಿ ಬಿದ್ದಿದೆ, ಅದರಲ್ಲೇ ಗ್ಯಾಸು ಮಾಡಿ ಅಡಿಗೆ ಮಾಡ್ರಪ್ಪಾ ಅಂತ. ಮಾತೇನೋ ಸರಿಯಾದದ್ದೇ. ಹಿತ್ತಲಲ್ಲಿ ಬಾವಿಯಂಥ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಮೇಲೆ ಕಬ್ಬಿಣದ ಡ್ರಮ್ಮು ಕವುಚಬೇಕು. ದಿನಾ ಸಗಣಿಗೆ ನೀರು ಕಲಸಿ ಒಳಕ್ಕೆ ಬಿಡಬೇಕು. ಗ್ಯಾಸು ತುಂಬಿದ ಹಾಗೆ ಡ್ರಮ್ಮು ಮೇಲೇಳುತ್ತೆ, ಪೈಪಿನಲ್ಲಿ ಅಡಿಗೆಮನೆಗೆ ಹೋಗುತ್ತೆ. ಕೊಳೆತ ಬಗ್ಗಡ ಇನ್ನೊಂದು ಕಡೆಯಿಂದ ಆಚೆ ಬಂದು ಗೊಬ್ಬರವಾಗುತ್ತೆ. ಇದಕ್ಕೆ ಅಂತಲೇ ನನ್ನನ್ನ ಕೃಷ್ಣಗಿರಿಗೆ ಹಾಕಿದರು. ಅಲ್ಲಿಂದ ಹೊಸೂರು ತನಕ ಓಡಾಟವೆಲ್ಲ ನಂದೇ.

ಬೇರೆಯವರು ಈ ಕೆಲಸ ಬೇಡಪ್ಪಾ ಅಂತ ತಪ್ಪಿಸಿಕೊಂಡರು. ನಾನು ಕೇಳಿ ತಗೊಂಡೆ. ಸರ್ಕಾರಕ್ಕಾಗಿ ಅಲ್ಲ, ಅಕ್ಕನಿಗಾಗಿ.

ಅಮ್ಮ ಹೋದಾಗ ನಾನು ಇನ್ನೂ ಚಿಕ್ಕವನು. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನನ್ನನ್ನ ಸೊಂಟದಲ್ಲಿ ಎತ್ತಿಕೊಂಡೇ ಒಲೆ ಮುಂದೆ ಕೂತವಳು, ಅಲ್ಲಿಂದ ಎದ್ದಿದ್ದನ್ನ ನಾನು ಕಂಡಿಲ್ಲ. ಆಮೇಲೆ ಅವಳನ್ನ ಸಾನಮಾವು ಕಾಡಿನ ಅಂಚಿನ ಒಂದೂರಿಗೆ ಕೊಟ್ಟರು. ಅಲ್ಲಿಯದು ತುಂಬಿದ ಮನೆ. ಅತ್ತೆ, ಮಾವ, ಬಾವ, ಇಬ್ಬರು ಮೈದುನರು, ಅವರ ಹೆಂಡಿರು ಮಕ್ಕಳು. ದೊಡ್ಡ ಸೊಸೆ ಅಂತ ಹಿಟ್ಟಿನ ಮಡಕೆ ಅಕ್ಕನ ಪಾಲಿಗೆ ಬಂತು. ಅಷ್ಟು ಬಾಯಿಗೆ ಎರಡು ಹೊತ್ತು ಮುದ್ದೆ ಅಂದರೆ ಹುಡುಗಾಟವೇ? ಚಿಕ್ಕ ಮೈದುನ ಹೊಸೂರಿನ ಫ್ಯಾಕ್ಟರಿಗೆ ಹೋಗೋನು, ಅವನ ಶಿಫ್ಟಿಗೆ ಅಂತ ಬೆಳಗ್ಗೆ ಇನ್ನೂ ಬೇಗ ಒಲೆ ಹಚ್ಚಬೇಕು. ನಲವತ್ತು ದಾಟೋ ಹೊತ್ತಿಗೇ ಅವಳ ಕಣ್ಣು ಯಾವಾಗಲೂ ಕೆಂಪು, ಮಾತಿನ ನಡುನಡುವೆ ಕೆಮ್ಮು. ‘ಏನಕ್ಕಾ ಇದು?’ ಅಂದರೆ, ‘ಹೊಗೆ ಕಣ್ಲಾ, ಇನ್ನೇನು ರೋಗ ಬಂದಾತು ನಂಗೆ’ ಅನ್ನೋಳು. ಗ್ಯಾಸಿನ ಯೋಜನೆಯ ಕಾಗದ ನನ್ನ ಕೈಗೆ ಬಂದ ದಿನವೇ ತೀರ್ಮಾನ ಮಾಡಿದೆ. ಈ ಹೆಂಗಸನ್ನ ಹೊಗೆಯಿಂದ ಆಚೆಗೆ ಎಳೀದೇ ಇದ್ದರೆ ನಾನು ಅವಳ ತಮ್ಮನೇ ಅಲ್ಲ ಅಂತ.

ನನ್ನ ಪಾಲಿಗೆ ಬಂದ ಸೀಮೆ ಎರಡು ಥರದ್ದು. ಕೃಷ್ಣಗಿರಿ ಅಣೆಕಟ್ಟಿನ ಕೆಳಗಿನ ಊರುಗಳು ಒಂದು. ಅಲ್ಲೂ ಹಿಂದೆ ಕಳಿ, ಅಂದರೆ ನಮ್ಮ ಮುದ್ದೆಯನ್ನೇ, ತಿಂತಿದ್ದೋರೇ, ಕಾಲುವೆ ನೀರು ಬಂದಮೇಲೆ ಭತ್ತ ಇಟ್ಟು ಅನ್ನಕ್ಕೆ ಬಿದ್ದಿದ್ದರು. ಇನ್ನೊಂದು ಮೇಲಿನ ಸೀಮೆ, ಅಂದರೆ ನಮ್ಮದು, ಕೆಲಮಂಗಲ, ಉದ್ದನಪಲ್ಲಿ, ಕಾಡಂಚು. ಇಲ್ಲಿ ರಾಗಿ, ರಾಗಿ, ಮತ್ತೂ ರಾಗಿ. ಕಾಲುವೆ ಊರುಗಳಲ್ಲಿ ಗ್ಯಾಸು ಒಲೆಯನ್ನ ಅಳಿಯ ಬಂದ ಹಾಗೆ ಬರಮಾಡಿಕೊಂಡರು. ಒಂದು ಮನೇಲಿ ಹಾಕಿದರೆ ಎದುರು ಮನೆಯವರು ಅರ್ಜಿ ಹಿಡಿದು ಬಾಗಿಲಿಗೆ ಬರೋರು. ಅಲ್ಲಿ ಒಬ್ಬಳು ಹೆಂಗಸು, ಮಾತಿನಮಲ್ಲಿ, ನನ್ನನ್ನ ಕಂಡಾಗಲೆಲ್ಲ ‘ವಾಂಗ ತಂಬಿ’ ಅಂತ ಒಳಕ್ಕೆ ಕರೆದು, ನೀಲಿ ಉರಿ ಮೇಲೆ ತಳ ಕಪ್ಪಾಗದೆ ಹೊಳೆಯೋ ಅನ್ನದ ಪಾತ್ರೆ ತೋರಿಸೋಳು. ಅವಳ ಬೀದಿ ಪೂರ್ತಿ ಅವಳೇ ಒಪ್ಪಿಸಿದಳು, ನನ್ನ ಕೆಲಸವೇ ಇರಲಿಲ್ಲ.

ನಮ್ಮ ಕಡೆ ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮೊದಲ ವರ್ಷ ಹತ್ತಿಪ್ಪತ್ತು ಮನೆಯವರು ನನ್ನ ಮುಖ ನೋಡಿ ಹಾಕಿಸಿಕೊಂಡರು. ಆಮೇಲೆ ಯಾರೂ ಇಲ್ಲ. ಸಭೆ ಕರೆದರೆ ಗಂಡಸರು ಬಂದು ಬೀಡಿ ಹಚ್ಚಿಕೊಂಡು ಕೂತು, ‘ನೋಡಾಣ ಸಾಮಿ’ ಅನ್ನೋರು. ‘ನೋಡಾಣ’ ಅಂದರೆ ಆಯಿತು ಅಂತಲ್ಲ, ಎದ್ದು ಹೋಗು ಅಂತ. ಹೆಂಗಸರು ಬಾಗಿಲ ಹಿಂದೆ ನಿಂತಿರೋರು, ಒಂದು ಮಾತೂ ಆಡ್ತಿರಲಿಲ್ಲ. ನಾನೂ ಕೇಳಲಿಲ್ಲ. ಹೆಂಗಸರನ್ನ ಏನು ಕೇಳೋದು, ಒಲೆ ಹಾಕಿಸೋ ಯಜಮಾನ ಎದುರಿಗೇ ಕೂತಿದ್ದಾನಲ್ಲ ಅಂತ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ ಹೇಳ್ತಾರೆ, ಇವರು ಹಿಟ್ಟು ತಿಂದು ಜಗಲಿ ಬಿಟ್ಟು ಏಳಲ್ಲವಲ್ಲ ಅಂತ ನಮ್ಮೋರನ್ನೇ ಬೈದುಕೊಂಡು ಸೈಕಲ್ಲು ಹತ್ತುತ್ತಿದ್ದೆ.

ಅಕ್ಕನ ಮನೇದು ಆ ಮೊದಲ ವರ್ಷದ್ದೇ. ಅತ್ತೆ ಗೊಣಗಿದರು. ‘ಕಕ್ಕಸಿನ ಥರ ಗುಂಡಿ ತೋಡಿ ಅದರ ಗಾಳೀಲಿ ಅಡಿಗೆ ಮಾಡದಾ? ದೇವ್ರಿಗೆ ಎಡೆ ಇಡದ್ ಹೆಂಗೆ?’ ಅಕ್ಕ ಸೆರಗು ಬಿಗಿದು ನಿಂತಳು. ‘ನನ್ ತಮ್ಮ ತಂದಿರದು ಅತ್ತೆ. ಹಸೀನ ಸಗಣಿ ತಾನೆ, ನೀವೇ ಮನೆ ಸಾರ್ಸಲ್ವಾ?’ ಗುಂಡಿ ತೋಡಿದ್ದು, ಡ್ರಮ್ಮು ಇಳಿಸಿದ್ದು, ತಿಂಗಳೊಪ್ಪತ್ತು ಕಾದದ್ದು ಎಲ್ಲ ಆಯ್ತು. ಅಡಿಗೆಮನೆಯಲ್ಲಿ ಸೊಂಟದೆತ್ತರಕ್ಕೆ ಕಡಪ ಕಲ್ಲು ಹಾಕಿಸಿ, ಅದರ ಮೇಲೆ ಒಲೆ ಕೂರಿಸಿದೆ. ನಿಂತು ಅಡಿಗೆ ಮಾಡೋದೇ ನಾಗರಿಕತೆ ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳಿದ್ದರು. ಉರಿ ಹತ್ತಿದಾಗ ಊರ ಹೆಂಗಸರೆಲ್ಲ ಬಾಗಿಲಲ್ಲಿ ಮುತ್ತಿಕೊಂಡರು. ಅಕ್ಕ ಹಾಲು ಉಕ್ಕಿಸಿ ಎಲ್ಲರಿಗೂ ಕಾಫಿ ಕೊಟ್ಟಳು. ಅವಳ ಮುಖ ನೋಡಬೇಕಿತ್ತು ನೀವು. ನಾನು ದೊಡ್ಡ ಮನುಷ್ಯನ ಥರ ಎಲ್ಲರಿಗೂ ಕೇಳೋ ಹಾಗೆ ಎಚ್ಚರಿಕೆ ಹೇಳಿದೆ. ‘ನೋಡ್ರಮ್ಮಾ, ಈ ಒಲೆ ಇದ್ದಲ್ಲೇ ಇರಬೇಕು. ಪೈಪು ಮುಟ್ಟಬಾರದು, ಜಾಗ ಬದಲಾಯಿಸಬಾರದು. ಗ್ಯಾಸು ಅಂದ್ರೆ ತಮಾಷೆ ಅಲ್ಲ, ಸಿಡಿದ್ಬಿಡುತ್ತೆ.’ ಪ್ರತಿ ಮನೇಲೂ ಇದನ್ನೇ ಹೇಳ್ತಿದ್ದೆ. ಎಲ್ಲರೂ ಹೆದರಿ ತಲೆ ಆಡಿಸುತ್ತಿದ್ದರು.

ಆಮೇಲೆ ತಿಂಗಳಿಗೊಂದು ಸಾರಿ ತಪಾಸಣೆ. ನಾನು ಕೆಲಮಂಗಲದ ಸಂತೇಲಿ ಬಾವನ ಕೈಲೋ ಇನ್ನೊಬ್ಬರ ಕೈಲೋ ಹೇಳಿ ಕಳಿಸುತ್ತಿದ್ದೆ, ನಾಳೆ ಬರ್ತೀನಿ, ಮನೇಲಿರಿ ಅಂತ. ಬಸ್ಸಿಳಿದು, ಅಲ್ಲೇ ಅಂಗಡೀಲಿ ಇಟ್ಟಿರುತ್ತಿದ್ದ ಸೈಕಲ್ಲು ಹತ್ತಿ ಊರೂರು ಸುತ್ತಿ ಅಕ್ಕನ ಮನೆ ಸೇರೋ ಹೊತ್ತಿಗೆ ಊಟದ ಸಮಯ. ಒಲೆ ಉರೀತಿರೋದು, ಮೇಲೆ ಅನ್ನ ಕುದೀತಿರೋದು. ಬೇರೆ ಮನೆಗಳಲ್ಲೂ ಹಾಗೇ. ಯಾವ ಮನೆಗೆ ಹೋದರೂ ನೀಲಿ ಉರಿ, ಬಿಸಿ ಅನ್ನ, ಹುಳಿ. ನಾನು ತೃಪ್ತಿಯಿಂದ ಉಂಡು, ಕೈ ತೊಳೆದು, ರಿಜಿಸ್ಟರು ತೆಗೆದು ‘ಉಪಯೋಗದಲ್ಲಿದೆ’ ಅಂತ ಗುರುತು ಹಾಕಿ ಸಹಿ ಮಾಡ್ತಿದ್ದೆ.

ರಾಗಿ ಸೀಮೇಲಿ ಹುಟ್ಟಿದವನಿಗೆ ಗೊತ್ತಾಗಬೇಕಿತ್ತು. ನಮ್ಮಲ್ಲಿ ಮನೆಯವರಿಗೆ ಮುದ್ದೆ, ನೆಂಟರಿಗೆ ಅನ್ನ. ನೆಂಟ ಬಂದಾಗ ಮುದ್ದೆ ಇಕ್ಕಿದರೆ ಅವಮಾನ ಮಾಡಿದ ಹಾಗೆ. ಅದರ ಮೇಲೆ ನಾನು ಆಫೀಸರು, ತಮಿಳು ಓದಿದವನು, ಕೃಷ್ಣಗಿರೀಲಿ ಮನೆ ಮಾಡಿದವನು. ಒಂದು ಸಾರಿ ಅಕ್ಕನ ಮುಂದೇನೇ, ‘ಈಗೀಗ ನಂಗೆ ಹಿಟ್ಟು ಗಂಟಲಲ್ಲಿ ಇಳಿಯಲ್ಲ ಕಣಕ್ಕ’ ಅಂತ ಬಿಂಕ ಬೇರೆ ಮಾಡಿದ್ದೆ. ಅವಳು ನಕ್ಕು, ‘ಓಹೋ, ದೊರೆಮಗ!’ ಅಂದಳು. ಅವತ್ತಿನಿಂದ ನನ್ನ ತಟ್ಟೆಗೆ ಮುದ್ದೆ ಬೀಳಲೇ ಇಲ್ಲ. ಕಣ್ಣ ಮುಂದೆ ನಡೀತಿದ್ದ ಪದ್ಧತಿಯನ್ನ ನಾನು ಒಲೆಯ ಗೆಲುವು ಅಂತ ಬರೆದುಕೊಂಡೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಹೊಸ ಅರ್ಜಿ ಯಾಕೆ ಬರ್ತಿಲ್ಲ ಅಂತ ಮೇಲಿನಿಂದ ಕೇಳಿದಾಗ ನಾನು ತಮಿಳಿನಲ್ಲಿ ಒಂದು ಟಿಪ್ಪಣಿ ಬರೆದೆ. ಕಾಲುವೆ ಕಡೆಯ ಜನ ಮುಂದುವರಿದವರು, ಹೊಸದನ್ನ ಬೇಗ ಒಪ್ತಾರೆ. ಹೊಸೂರು ಕಡೆಯವರಲ್ಲಿ ‘ವಿಳಿಪ್ಪುಣರ್ವು ಇಲ್ಲೈ’, ಅಂದರೆ ತಿಳುವಳಿಕೆ ಸಾಲದು, ಮೂಢನಂಬಿಕೆ ಜಾಸ್ತಿ. ಸಾಹೇಬರು ಓದಿ ಮೆಚ್ಚಿದರು. ‘ನೀವು ಆ ಕಡೆಯವರೇ ಆಗಿ ಇಷ್ಟು ನಿಷ್ಪಕ್ಷಪಾತವಾಗಿ ಬರೆದಿದ್ದೀರಲ್ಲ’ ಅಂದರು. ನನಗೆ ಎದೆ ಉಬ್ಬಿತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ನಾನು ನನ್ನ ಹುಟ್ಟಿದ ನೆಲವನ್ನೇ ಡೊಂಕು ಅಂದಿದ್ದೆ.

ಒಲೆ ಬಂದು ಎರಡು ವರ್ಷವಾದರೂ ಅಕ್ಕನ ಕೆಮ್ಮು ಕಮ್ಮಿಯಾಗಲಿಲ್ಲ, ಹೆಚ್ಚಾಯಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನಗೆ ಗಾಬರಿಯಾಗಿ ಅವಳನ್ನ ಕೃಷ್ಣಗಿರಿ ಆಸ್ಪತ್ರೆಗೆ ಕರಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬೀಡಿ ಸೇದ್ತಾರಾ ಅಂದರು. ಇಲ್ಲ ಅಂದೆ. ಮನೇಲಿ ಯಾರಿಗಾದರೂ ಕ್ಷಯ ಇತ್ತಾ? ಇಲ್ಲ. ಆಮೇಲೆ ಅವರು ನೇರವಾಗಿ ಅಕ್ಕನನ್ನೇ ನೋಡಿ ಕೇಳಿದರು, ‘ಸಮೈಯಲ್ ಎದಿಲೆಮ್ಮಾ? ವಿರಗಾ?’ ಅಡಿಗೆ ಯಾವುದರಲ್ಲಿ, ಸೌದೇಲಾ ಅಂತ.

ಅಕ್ಕ ಬಾಯಿ ತೆಗೆಯೋದರೊಳಗೆ ನಾನು ತಮಿಳಿನಲ್ಲಿ ಹೇಳಿಬಿಟ್ಟೆ. ‘ಇಲ್ಲ ಸಾರ್, ಅವರ ಮನೇಲಿ ಗ್ಯಾಸು. ನಾನೇ ಹಾಕಿಸಿಕೊಟ್ಟಿದ್ದು, ಎರಡು ವರ್ಷದಿಂದ ಹೊಗೆಯೇ ಇಲ್ಲ.’

ಡಾಕ್ಟರು ಅದನ್ನ ಬರೆದುಕೊಂಡು, ಹಾಗಾದರೆ ಧೂಳಿರಬೇಕು, ಹೊಲದ ಕೆಲಸ ಕಮ್ಮಿ ಮಾಡಲಿ ಅಂತ ಔಷಧ ಬರೆದುಕೊಟ್ಟರು. ಹೊಗೆ ಅಂತ ಗೊತ್ತಿದ್ದಿದ್ದರೆ ಅವರು ಅವತ್ತೇ ಅವಳನ್ನ ಒಲೆಯಿಂದ ಬಿಡಿಸಿ ಅನ್ನುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಕಾಲಬೆರಳು ನೋಡುತ್ತಾ ಕೂತಿದ್ದಳು. ಪರರ ಮುಂದೆ ತಮ್ಮನ ಮಾತನ್ನ ಸುಳ್ಳು ಮಾಡೋಳಲ್ಲ ಅವಳು. ಬಸ್ ಸ್ಟಾಂಡಿನಲ್ಲಿ ನಾನು ಅವಳಿಗೆ ಕಾಫಿ ಕೊಡಿಸಿದೆ, ಕಿತ್ತಳೆ ಹಣ್ಣು ಕೊಡಿಸಿದೆ. ಅವಳು ಕಿಟಕಿ ಪಕ್ಕ ಕೂತು, ‘ನೀನು ಊಟ ಮಾಡೇ ಇಲ್ವಲ್ಲೋ’ ಅಂತ ಅದೊಂದನ್ನೇ ಹೇಳಿದಳು.

ಅದಾದ ಮೇಲೆ ಮಳೆಗಾಲದ ಒಂದು ದಿನ ಹೊಸೂರಿನಲ್ಲಿ ನಮ್ಮದೊಂದು ಮೀಟಿಂಗು ಇತ್ತು. ದೊಡ್ಡ ಸಾಹೇಬರು ಬರಲಿಲ್ಲ ಅಂತ ಅರ್ಧದಲ್ಲೇ ಬಿಟ್ಟರು. ಹೇಳಿ ಕಳಿಸೋಕೆ ಯಾರೂ ಇಲ್ಲ, ಹೆಂಗೂ ಹತ್ತಿರವೇ, ಅಕ್ಕನ್ನ ನೋಡಿಕೊಂಡು ಹೋಗೋಣ ಅಂತ ಸಾನಮಾವಿನ ದಾರಿ ಹಿಡಿದೆ. ಮನೆ ತಲುಪಿದಾಗ ಮಟಮಟ ಮಧ್ಯಾಹ್ನ. ಬಾಗಿಲು ತೆರೆದಿತ್ತು, ಯಾರೂ ಕಾಣಲಿಲ್ಲ. ನೇರ ಅಡಿಗೆಮನೆಗೆ ಹೋದೆ. ಕಡಪ ಕಲ್ಲಿನ ಮೇಲೆ ನನ್ನ ಒಲೆ ಇತ್ತು. ಫಳಫಳ ತೊಳೆದು, ಅರಿಶಿನ ಕುಂಕುಮ ಇಟ್ಟು, ಮೇಲೊಂದು ಮಡಿಬಟ್ಟೆ ಮುಚ್ಚಿದ್ದರು. ಬಟ್ಟೆ ಎತ್ತಿ ಮುಟ್ಟಿದೆ. ತಣ್ಣಗಿತ್ತು.

ಕೆಮ್ಮು ಹಿತ್ತಲಿನಿಂದ ಕೇಳಿಸಿತು. ಕೊಟ್ಟಿಗೆಗೆ ಒತ್ತಿ ಒಂದು ಸೋಗೆ ಚಪ್ಪರ ಇಳಿಸಿದ್ದರು, ಅದರೊಳಗಿಂದ ಹೊಗೆ ಗುಪ್ಪೆಗುಪ್ಪೆಯಾಗಿ ಬರ್ತಿತ್ತು. ಬಗ್ಗಿ ನೋಡಿದರೆ ಅಕ್ಕ. ಮೂರು ಕಲ್ಲಿನ ಒಲೆ, ಅದರೊಳಗೆ ನೆಂದ ಲಂಟಾನ ಕಡ್ಡಿ, ಮೇಲೆ ದೊಡ್ಡ ಮಡಕೆ. ಕವೆಗೋಲನ್ನ ಮಡಕೆ ಕಂಠಕ್ಕೆ ಕೊಟ್ಟು ಕಾಲಲ್ಲಿ ಒತ್ತಿ ಹಿಡಿದು, ಎರಡು ಕೈಲೂ ಕೋಲು ಹಿಡಿದು ಹಿಟ್ಟು ತೊಳಸ್ತಿದ್ದಳು. ಎರಡು ಸುತ್ತು ತೊಳಸೋದು, ಕೆಮ್ಮೋದು, ಸೆರಗಲ್ಲಿ ಕಣ್ಣೊರೆಸೋದು, ಮತ್ತೆ ತೊಳಸೋದು.

ನನ್ನ ನೋಡಿ ಬೆಚ್ಚಿದಳು. ಅವಳ ಬಾಯಿಂದ ಬಂದ ಮೊದಲನೇ ಮಾತು, ‘ಬತ್ತೀನಿ ಅಂತ ಒಂದ್ ಮಾತು ಹೇಳ್ಕಳಿಸ್ಬಾರ್ದೇನ್ಲಾ? ಅಕ್ಕಿ ಆರ್ಸಿಡ್ತಿದ್ದೆ.’

ನನಗೆ ಬಂದದ್ದು ಕನ್ನಡದ ಸಿಟ್ಟು. ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಷ್ಟು ಕಷ್ಟ ಬಿದ್ದು ಹಾಕಿಸಿದ ಒಲೆಗೆ ಕುಂಕುಮ ಇಟ್ಟು ಪೂಜೆ ಮಾಡ್ತಾ, ಇಲ್ಲಿ ಹೊಗೇಲಿ ಸಾಯ್ತಿದ್ದೀಯಲ್ಲ, ನಿನಗೇನು ಬುದ್ಧಿ ಐತಾ ಅಂತ. ಅವಳು ನಾನು ಮುಗಿಸೋ ತನಕ ಹಿಟ್ಟು ತೊಳಸಿದಳು. ಆಮೇಲೆ ಮಡಕೆ ಮುಚ್ಚಿ, ಸೀರೆ ಸ್ವಲ್ಪ ಎತ್ತಿ ಪಾದ ತೋರಿಸಿದಳು. ಹಿಮ್ಮಡಿಯಿಂದ ಬೆರಳ ತನಕ ಸುಟ್ಟ ಕಲೆ.

‘ನಿನ್ ಒಲೆ ಮೇಲೆ ಮೊದ್ಲನೇ ವಾರ ಹಿಟ್ಟಿಗಿಟ್ಟೆ. ಸೊಂಟದೆತ್ತರದಾಗೆ ನಿಂತ್ಕಂಡು ಇಷ್ಟ್ ದೊಡ್ ಮಡ್ಕೆ ತೊಳ್ಸಕ್ಕಾಯ್ತದೇನ್ಲಾ? ಕಾಲಲ್ಲಿ ಒತ್ಗಣಕ್ಕೆ ಜಾಗ ಎಲ್ಲದೆ? ಆ ಒಲೆ ಕಾಲು ನೋಡಿದ್ರೆ ಕೋಳಿ ಕಾಲಿದ್ದಂಗವೆ. ಕೋಲು ತಿರುವ್ತಿದ್ದಂಗೆ ಜಾರ್ಕಂಡು ಮಡ್ಕೆ ಮೈಮೇಲೇ ಬಂತು. ಪುಣ್ಯ, ಕಾಲಿಗೇ ಹೋಯ್ತು.’

ಅನ್ನ ತೊಳಸಬೇಕಾಗಿಲ್ಲವಲ್ಲ. ಅನ್ನ ತಾನಾಗಿ ಬೇಯುತ್ತೆ. ಕಾಲುವೆ ಸೀಮೆಯ ಆ ಮಾತಿನಮಲ್ಲಿಗೆ ಈ ಒಲೆ ಯಾಕೆ ಒಗ್ಗಿತು, ನಮ್ಮ ಹೆಂಗಸರಿಗೆ ಯಾಕೆ ಒಗ್ಗಲಿಲ್ಲ ಅನ್ನೋದು ಆ ಸೋಗೆ ಕೆಳಗೆ ಬಗ್ಗಿ ನಿಂತಾಗ ನನಗೆ ಅರ್ಥವಾಯಿತು. ತಿಳುವಳಿಕೆಗೂ ಅದಕ್ಕೂ ಏನೇನೂ ಸಂಬಂಧ ಇರಲಿಲ್ಲ.

‘ಬೆರಣಿ ಒಲೆ ಆದರೂ ಹಚ್ಚಬಾರದಿತ್ತಾ? ಈ ಹಸೀ ಕಡ್ಡಿ ಯಾಕೆ?’ ಅಂದೆ.

‘ಬೆರಣಿ ತಟ್ಟಕ್ಕೆ ಸಗಣಿ ಎಲ್ಲದಪ್ಪಾ? ಎಲ್ಲಾ ನಿನ್ ಗುಂಡೀಗೇ ಹೋಯ್ತದಲ್ಲ. ಬಗ್ಗಡ ರಾಗಿ ಹೊಲಕ್ಕೆ ಬಲು ಚೆಂದ ಅಂತ ನಿಮ್ ಬಾವ ಒಂದ್ ಬುಟ್ಟೀನೂ ಬುಡಲ್ಲ. ಅದ್ಕೇ ಕಾಡ್ಗೆ ಹೋಗಿ ಕಡ್ಡಿ ತತ್ತೀವಿ.’

ನಾನು ಕೊಟ್ಟಿಗೆ ಕಲ್ಲಿನ ಮೇಲೆ ಕೂತುಬಿಟ್ಟೆ. ಮುಂಚೆ ಒಣಗಿದ ಬೆರಣಿ ಉರೀತಿತ್ತು, ಅದರ ಹೊಗೆ ಇಷ್ಟಿರಲಿಲ್ಲ. ಹೊಗೆ ತಪ್ಪಿಸೋಕೆ ಬಂದ ನಾನು ಅದನ್ನೂ ಕಿತ್ತುಕೊಂಡು, ಹಸೀ ಸೌದೆ ಕೊಟ್ಟು, ಆಸ್ಪತ್ರೇಲಿ ಹೊಗೆಯೇ ಇಲ್ಲ ಅಂತ ಸಾಕ್ಷಿ ಬೇರೆ ಹೇಳಿದ್ದೆ. ‘ಯಾಕಕ್ಕ ನಂಗೆ ಹೇಳಲಿಲ್ಲ?’ ಅಂದೆ.

‘ಏನಂತ ಹೇಳ್ಳಿ? ಅತ್ತೆ ಮುಂದೆ ನನ್ ತಮ್ಮ ತಂದದ್ದು ಅಂತ ಜೋರು ಮಾಡಿದ್ದೆ. ಕೆಲ್ಸಕ್ ಬರಲ್ಲ ಅಂದ್ರೆ ನಿನ್ನ ಆಡ್ಕತಿದ್ರು. ನೀನು ಬಂದಾಗ ಉರೀತದಲ್ಲ, ನಿನ್ ಬುಕ್ಕಿಗೆ ಅಷ್ಟ್ ಸಾಕಲ್ವಾ?’

‘ಬೇರೆ ಮನೆಗಳಲ್ಲಿ?’

‘ಎಲ್ಲಾರ್ ಮನೇಲೂ ಇದೇಯ. ನೀನು ಹೋದ್ ಕಡೆ ಎಲ್ಲಾ ಅನ್ನಾನೇ ಅಲ್ವ ಇಕ್ಕದು.’

ಆಮೇಲೆ ಅವಳೇ ದಾರಿ ಹೇಳಿದಳು. ‘ಮುಟ್ಬ್ಯಾಡ್ರಿ, ಸಿಡೀತದೆ ಅಂತ ನೀನಂದೆ, ಅದ್ಕೇ ಸುಮ್ಕಿದ್ದೀನಿ. ಇಲ್ದಿದ್ರೆ ಅದನ್ನ ಕೆಳಗಿಳ್ಸಿ, ನೆಲದಾಗೆ ಗುಣಿ ಮಾಡಿ ಕೂರ್ಸಿ, ಸುತ್ತ ಮೂರು ಕಲ್ಲು ಹೂತ್ರೆ ಆಯ್ತಿತ್ತು. ಮಡ್ಕೆ ಕಲ್ಲಿನ್ ಮೇಲೆ ಕೂರ್ತದೆ, ಬೆಂಕಿ ಅಡೀಲಿರ್ತದೆ.’ ಎರಡು ವರ್ಷದಿಂದ ಅವಳ ತಲೇಲಿತ್ತು ಇದು. ನನ್ನ ಅಪ್ಪಣೆಗೆ ಕಾದಿದ್ದಳು.

ಅವತ್ತೇ ಮಾಡಿದೆವು. ನಾನು ಪೈಪು ಬಿಚ್ಚಿ ಉದ್ದ ಮಾಡಿದೆ, ಹೊಲದಿಂದ ಬಂದ ಬಾವ ಹಾರೆ ಹಿಡಿದು ಗುಣಿ ತೋಡಿದರು. ಕಲ್ಲು ಹೂತದ್ದು ಮಾತ್ರ ಅಕ್ಕನೇ, ಕೋಲು ಆಡಿಸಿ ನೋಡಿ, ಒಂದಂಗುಲ ಆಕಡೆ, ಅರ್ಧಂಗುಲ ಈಕಡೆ ಅಂತ. ಒಂದು ಮಧ್ಯಾಹ್ನದ ಕೆಲಸ ಅಷ್ಟೆ. ಸಂಜೆ ಅದರ ಮೇಲೆ ಹಿಟ್ಟು ಬೆಂತು. ಮಡಕೆ ಅಲ್ಲಾಡಲಿಲ್ಲ. ಅಕ್ಕ ಗೋಡೆಗೊರಗಿ ಕೂತು ಉಸಿರೆಳೆದುಕೊಂಡು ನಕ್ಕಳು. ನಾನು ಒಂದು ಹಾಳೇಲಿ ಆ ಮೂರು ಕಲ್ಲಿನ ಚಿತ್ರ ಬರೆದು, ಅಳತೆ ಗುರುತು ಮಾಡಿ, ಅಂಗಿ ಜೇಬಿಗೆ ಇಟ್ಟುಕೊಂಡೆ. ಆಫೀಸಿಗೆ ಹೋದ ಕೂಡಲೇ ತೋರಿಸಬೇಕು, ಎಲ್ಲಾ ಮನೇಲೂ ಹೀಗೇ ಮಾಡಿಸಬೇಕು ಅಂತ.

ತೋರಿಸಲಿಲ್ಲ.

ಮುಂದಿನ ತಿಂಗಳು ಕೃಷ್ಣಗಿರೀಲಿ ಸಭೆ. ಬರೋ ವರ್ಷ ಯಾವ ಕಡೆಗೆ ಎಷ್ಟು ಗ್ಯಾಸು ಗುಂಡಿ ಅಂತ ತೀರ್ಮಾನ ಆಗಬೇಕಿತ್ತು. ಸಾಹೇಬರು ಒಳ್ಳೇ ಮನುಷ್ಯರು. ನನ್ನ ಕಡೆ ತಿರುಗಿ ಕೇಳಿದರು, ‘ಉಂಗ ಊರ್ ಪಕ್ಕಂ ಏನ್ ಯಾರುಮೇ ಕೇಕ್ಕಲೆ?’ ನಿಮ್ಮೂರ ಕಡೆ ಯಾಕೆ ಯಾರೂ ಕೇಳ್ತಾ ಇಲ್ಲ ಅಂತ. ಹಾಳೆ ಜೇಬಿನಲ್ಲೇ ಇತ್ತು. ಆದರೆ ಮೇಜಿನ ಮೇಲೆ ನನ್ನ ರಿಜಿಸ್ಟರೂ ಇತ್ತು, ಎರಡು ವರ್ಷದ ‘ಉಪಯೋಗದಲ್ಲಿದೆ’ ಅನ್ನೋ ಗುರುತುಗಳು, ಪ್ರತಿಯೊಂದರ ಕೆಳಗೂ ನನ್ನ ಸಹಿ. ಒಲೆ ಉರೀತಿಲ್ಲ ಅಂತ ಹೇಳಿದರೆ, ಹಾಗಾದ್ರೆ ಇದೇನ್ರೀ ಅಂತ ಮೊದಲನೇ ಪ್ರಶ್ನೆ. ಸುಳ್ಳು ದಾಖಲೆ ಬರೆದ ಅಂತ ಪಕ್ಕದ ಪಂಚಾಯ್ತಿ ಯೂನಿಯನ್ನಿನ ಒಬ್ಬನನ್ನ ಆಗತಾನೆ ಸಸ್ಪೆಂಡ್ ಮಾಡಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು. ಮನೇಲಿ ಹೆಂಡತಿ, ಮೂರು ಮಕ್ಕಳು.

‘ಅವಂಗಳುಕ್ಕು ವಿಳಿಪ್ಪುಣರ್ವು ಇಲ್ಲೆ ಸಾರ್’ ಅಂದೆ. ಅವರಿಗೆ ತಿಳುವಳಿಕೆ ಇಲ್ಲ ಸಾರ್.

ಸಾಹೇಬರು ತಲೆ ಆಡಿಸಿ ಮೇಲಿನ ಸೀಮೆಯ ಪಾಲನ್ನೂ ಕಾಲುವೆ ಊರುಗಳಿಗೇ ಬರೆದರು. ನನ್ನನ್ನೂ ಆ ಕಡೆಗೇ ಪೂರ್ತಿ ಹಾಕಿದರು, ನಾನೇ ಕೇಳಿಕೊಂಡೆ.

ಬರವಣಿಗೇಲಿ ಬೇಡ, ಬಾಯಲ್ಲಾದರೂ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೀನಿ, ಎಷ್ಟೋ ಸಾರಿ. ಸೈಕಲ್ಲು ಹತ್ತಿ ನಾಲ್ಕು ಊರು ಸುತ್ತಿ, ಅಮ್ಮಾ ನಾನು ಹೇಳಿದ್ದು ತಪ್ಪು, ಒಲೆ ಕೆಳಗಿಳಿಸಿ, ಮೂರು ಕಲ್ಲು ಹೂಳಿ ಅಂದಿದ್ದರೆ ಆಗೋದು. ಆದರೆ ಇಂಜಿನಿಯರು ತಪಾಸಣೆಗೆ ಬಂದು, ಯಾರು ಜಾಗ ಬದಲಾಯಿಸಿದ್ದು ಅಂದರೆ ಅಂತ ಒಂದು ಭಯ. ಆ ಹೆಂಗಸರ ಮುಖ ಹೆಂಗೆ ನೋಡೋದು ಅಂತ ನಾಚಿಕೆ ಒಂದು. ಮುಂದಿನ ತಿಂಗಳು ಹೋಗೋಣ, ಹಬ್ಬ ಆಗಲಿ, ಮಳೆ ನಿಲ್ಲಲಿ. ಹೀಗೇ ವರ್ಷಗಳು ಹೋದವು. ಅಕ್ಕ ತನ್ನ ಬೀದಿಯ ನಾಲ್ಕು ಮನೆಗೆ ತಾನೇ ಹೇಳಿ ಮಾಡಿಸಿದಳಂತೆ. ಅದರಾಚೆಗೆ ನಡೆದು ಹೋಗೋ ಉಸಿರು ಅವಳಲ್ಲಿ ಇರಲಿಲ್ಲ. ಕೆಟ್ಟಮೇಲೆ ಬುದ್ಧಿ ಬಂತು, ಅಟ್ಟಮೇಲೆ ಒಲೆ ಉರೀತು ಅಂತಾರೆ. ನನಗೆ ಬುದ್ಧಿ ಬಂದಮೇಲೂ ನಾನು ಕೆಟ್ಟೆ.

ಹೊಗೆ ನಿಂತರೂ ಅವಳ ಎದೆ ಸರಿಹೋಗಲಿಲ್ಲ. ಇಷ್ಟು ವರ್ಷ ಹೊಗೆ ಕುಡಿದ ಎದೆ, ಇನ್ನು ಔಷಧ ತಡೆಯೋದಷ್ಟೇ ಅಂದರು ಡಾಕ್ಟರು. ಈ ಸಾರಿ ನಾನು ನಿಜ ಹೇಳಿದ್ದೆ. ಎಂಬತ್ತರ ದಶಕ ಮುಗಿಯೋ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಒಂದು ಬೆಳಗ್ಗೆ ಜಗಲೀಲಿ ಎಳೆ ಬಿಸಿಲಿಗೆ ಮಂಚ ಹಾಕಿ ಮಲಗಿಸಿದ್ದರು. ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಆಸ್ಪತ್ರೇಲಿ ಹೇಳಿದ ಸುಳ್ಳಿನ ಬಗ್ಗೆ, ಸಭೇಲಿ ಹೇಳಿದ್ದರ ಬಗ್ಗೆ, ಎಲ್ಲಾ ಹೇಳಿ ಅತ್ತುಬಿಟ್ಟೆ. ಅವಳು ಕೈ ಎತ್ತಿ ನನ್ನ ತಲೆ ಮೇಲಿಟ್ಟಳು.

‘ಹೋಗ್ಲಿ ಬುಡ್ಲಾ. ಕೆಲ್ಸ ಹೋಗಿದ್ರೆ ನಿನ್ ಮಕ್ಳು ಏನ್ ತಿಂತಿದ್ವು?’ ಆಮೇಲೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದಳು, ‘ಆಫೀಸ್ನಾಗೆ ಹೇಳ್ದಿದ್ರೆ ಬ್ಯಾಡ. ಬ್ಯಾರೆ ಊರ್ ಹೆಣ್ಮಕ್ಳಿಗಾದ್ರೂ ಹೇಳಿದ್ಯಾ? ಕಲ್ಲಿನ್ ವಿಸ್ಯ?’

‘ಹೇಳ್ದೆ ಕಣಕ್ಕ’ ಅಂದೆ. ‘ಎಲ್ಲಾರ್ಗೂ ಹೇಳ್ದೆ. ಈಗ ಎಲ್ಲಾರೂ ಹಂಗೇ ಮಾಡ್ಕಂಡವ್ರೆ.’

‘ಹಂಗಾದ್ರೆ ಸರಿ’ ಅಂದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಅದಾದ ಐದನೇ ದಿನ ಹೋದಳು.

ತಿಥಿಗೆ ಸುತ್ತಮುತ್ತಲ ಊರುಗಳ ಹೆಂಗಸರೆಲ್ಲ ಬಂದಿದ್ದರು. ನನ್ನ ರಿಜಿಸ್ಟರಿನ ಮನೆಗಳವರೂ ಇದ್ದರು, ಒಬ್ಬೊಬ್ಬರನ್ನೂ ಗುರುತು ಹಿಡಿದೆ. ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಕೆಂಪು ಕಣ್ಣು ಅಳುವಿನದು ಅಂತ ಮೊದಲು ಅಂದುಕೊಂಡೆ. ಆಮೇಲೆ ಒಬ್ಬಳು ಕೆಮ್ಮಿದಳು, ಅವಳ ಪಕ್ಕದವಳು ಕೆಮ್ಮಿದಳು, ಆ ತುದೀಲಿ ಇನ್ನೊಬ್ಬಳು. ಒಬ್ಬ ವಯಸ್ಸಾದ ಹೆಂಗಸು, ನನಗೆ ಎಷ್ಟೋ ಸಾರಿ ಬಡಿಸಿದವಳು, ಉಸಿರು ಎಳೀತಾ ನನ್ನ ಹತ್ತಿರ ಬಂದು ಕೇಳಿದಳು, ‘ಏನಾಗಿತ್ತು ಸಾಮಿ ನಿಮ್ಮಕ್ಕಯ್ಯನ್ಗೆ?’

‘ಎದೆ ಕಾಯಿಲೆ ಕಣಮ್ಮ’ ಅಂದೆ.

ಅವಳ ಕೈ ಹಿಡಿದು ಒಳಕ್ಕೆ ಕರಕೊಂಡು ಹೋಗಿ, ಅಕ್ಕ ಹೂತ ಆ ಮೂರು ಕಲ್ಲು ತೋರಿಸಿದ್ದರೆ ಸಾಕಿತ್ತು. ಅಂಗಳದಿಂದ ಅಡಿಗೆಮನೆಗೆ ಹತ್ತು ಹೆಜ್ಜೆಯೂ ಇಲ್ಲ. ನಾನು ಹೋಗಲಿಲ್ಲ.